ಸರಿಯಾದ ಜೋಡಿ

ಕತ್ತಿ ಗಂಟಲಿನ ಮೇಲಿದ್ದುದರಿಂದ ಜಟ್ಟಿಂಗಪ್ಪ ಅಲುಗಾಡಲಿಲ್ಲ. ತೀರ್ಥಹಳ್ಳಿಯ ಆ ಕ್ಷೌರದಂಗಡಿಯವನಿಗೆ ತಾನು ಯಾರ ಗಡ್ಡ ಹೆರೆಯುತ್ತಿದ್ದೇನೆಂದು ಗೊತ್ತಿರಲಿಲ್ಲ. ಮುಖದ ತುಂಬ ಸೋಪಿನ ನೊರೆ, ಕುತ್ತಿಗೆಯಿಂದ ಮಂಡಿಯವರೆಗೆ ಬಿಳಿ ಬಟ್ಟೆ. ಬರುವ ಭಾನುವಾರ ಸಾಗರದಲ್ಲಿ ಪೈಲ್ವಾನ್ ಜಟ್ಟಿಂಗಪ್ಪನಿಗೆ ಬೆಳ್ಳಿ ಗದೆ ಕೊಡುತ್ತಾರಂತೆ, ಹತ್ತು ಹನ್ನೆರಡು ವರ್ಷದಿಂದ ಅವನು ಸೋತೇ ಇಲ್ಲವಂತೆ ಎಂದು ಬೆಂಚಿನ ಮೇಲೆ ಕೂತಿದ್ದವನೊಬ್ಬ ಹೇಳಿದ.

"ಹೆಂಗ್ ಸೋಲ್ತಾನೆ ಮಾರಾಯ?" ಅಂಗಡಿಯವನು ಕತ್ತಿಯ ನೊರೆಯನ್ನು ಅಂಗೈಗೆ ಒರೆಸಿಕೊಳ್ಳುತ್ತ ನಕ್ಕ. "ಗೆದ್ದಿದ್ದು ಯಾರ್ಯಾರ್ನ, ಅದ್ ಹೇಳು. ಹೊಸನಗರದ ಆ ಮುದುಕನ್ನ. ಕಾಲು ಉಳುಕಿಸ್ಕೊಂಡು ಬಂದಿದ್ದ ಭದ್ರಾವತಿಯವನ್ನ. ಜೋಗದ ಬೆಳ್ಳಪ್ಪನ ಹೆಸ್ರು ಎತ್ತಿದ್ರೆ ಸಾಕು, ಅವ್ನಿಗೆ ಬೆನ್ನು ನೋವು. ಜೋಡಿ ಆರಿಸ್ಕೊಳ್ಳೋಕೆ ಬಿಟ್ರೆ ನಾನೂ ಪೈಲ್ವಾನೇ."

ಕ್ಷೌರ ಮುಗಿದು ಬಟ್ಟೆ ಸರಿಸಿದಾಗಲೇ ಅಂಗಡಿಯವನು ಆ ಭುಜಗಳನ್ನು ಕಂಡದ್ದು; ಕುಸ್ತಿಯಲ್ಲಿ ಜಜ್ಜಿ ಗಂಟುಕಟ್ಟಿದ ಕಿವಿಗಳ ಅರ್ಥವೂ ಆಗಲೇ ಹೊಳೆದದ್ದು. ಕತ್ತಿ ಕೆಳಗಿಟ್ಟು ಹಿಂದೆ ಸರಿದ. ಜಟ್ಟಿಂಗಪ್ಪ ಕೈ ಎತ್ತಿದ್ದರೆ ಅಂಗಡಿಯಲ್ಲಿ ಒಂದು ಕನ್ನಡಿಯೂ ಉಳಿಯುತ್ತಿರಲಿಲ್ಲ. ಎತ್ತಲಿಲ್ಲ. ಹೊರಗೆ ಬಂದು ಬಸ್ಸು ಹತ್ತಿದ ಮೇಲೂ ದವಡೆ ಬಿಗಿದೇ ಇತ್ತು.

ಸಾಗರದಲ್ಲಿ ಇಳಿದವನೇ ನೇರ ಸುಬ್ಬರಾಯನ ಅಕ್ಕಿ ಗಿರಣಿಗೆ ಹೋದ. ಕುಸ್ತಿ ಕಮಿಟಿಯ ಅಧ್ಯಕ್ಷ ಸುಬ್ಬರಾಯನೇ. ಜೋಡಿ ಗೊತ್ತುಮಾಡುವವನೂ ಅವನೇ.

"ಭಾನುವಾರ ನನ್ನೆದುರಿಗೆ ಯಾರು?"

"ಹುಂಚದ ವಾಸಪ್ಪ ಅಂತ. ಗಾಡಿ ಹೊಡಿಯೋನು. ಒಳ್ಳೆ ಮೈಕಟ್ಟು, ನೋಡೋರಿಗೆ ಲಕ್ಷಣವಾಗಿರುತ್ತೆ."

"ಅವನು ಬೇಡ. ಬೆಳ್ಳಪ್ಪನ್ನ ಕರೆಸಿ."

"ಗದೆ ತಗೊಳ್ಳೋ ದಿನ ಇದೆಂಥ ಹುಚ್ಚು ಪೈಲ್ವಾನ್ರೇ? ಶಿವಮೊಗ್ಗದಿಂದ ದೊಡ್ಡ ಸಾಹೇಬ್ರು ಬರ್ತಿದಾರೆ."

"ಊರೂರಲ್ಲಿ ನಗ್ತಿದಾರೆ ಸುಬ್ಬರಾಯ್ರೇ! ನೀವು ಅವನನ್ನ ದೂರ ಇಟ್ಟು ನನ್ನ ಹೆಸರು ಹಾಳು ಮಾಡಿದ್ರಿ."

"ನಾನಾ?" ಸುಬ್ಬರಾಯ ಎದ್ದು ನಿಂತ. ಅವನ ಮುಖವೂ ಕೆಂಪೇರಿತ್ತು. "ಮೊದಲನೇ ಸಲ ಬೆಳ್ಳಪ್ಪನ ಹೆಸರು ತಂದೋನೇ ನಾನು. ಇಲ್ಲೇ ಕೂತು ಬೆನ್ನು ನೋವು ಅಂದೋರು ಯಾರು? ಮಾರನೇ ವರ್ಷ ಮತ್ತೆ ಕೇಳ್ದೆ. ಮತ್ತೆ ಬೆನ್ನು ನೋವು. ಆಮೇಲೆ ಕೇಳೋದೇ ಬಿಟ್ಟೆ. ನಿಮ್ಮ ಮರ್ಯಾದೆ ಉಳಿಸ್ದೆ, ಅಷ್ಟೆ."

ಮೊದಲನೇ ವರ್ಷ ಜಟ್ಟಿಂಗಪ್ಪನ ಬೆನ್ನು ನಿಜವಾಗಿಯೂ ನೋಯುತ್ತಿತ್ತು. ಸ್ವಲ್ಪ.

ಮರುದಿನ ಬೆಳಿಗ್ಗೆಯೇ ಜೋಗಕ್ಕೆ ಹೋದ. ಲಿಂಗನಮಕ್ಕಿ ಅಣೆಕಟ್ಟು ಮುಗಿದ ವರ್ಷ ಅದು; ಬಸ್ಸಿನ ತುಂಬ ಕೆಲಸ ಮುಗಿಸಿ ಬೇರೆ ಊರು ಹುಡುಕಿ ಹೊರಟವರ ಗಂಟುಮೂಟೆ. ವಿದ್ಯುತ್ ಕೇಂದ್ರದ ಕೂಲಿಗಳ ಸಾಲುಮನೆಗಳ ಮುಂದೆ ಬೆಳ್ಳಪ್ಪನ ಹೆಂಡತಿ ಹುಲಿಗೆಮ್ಮ ಬಟ್ಟೆ ಹಿಂಡುತ್ತಿದ್ದಳು. ಬಂದವನನ್ನು ಗುರುತಿಸಿದರೂ ಕೂರಿ ಅನ್ನಲಿಲ್ಲ. ರಾತ್ರಿ ಪಾಳಿ ಮುಗಿಸಿ ಬೆಳ್ಳಪ್ಪ ಬರುವವರೆಗೆ ಜಟ್ಟಿಂಗಪ್ಪ ಬಿಸಿಲಲ್ಲೇ ನಿಂತಿದ್ದ.

ಬೆಳ್ಳಪ್ಪನ ಗಡ್ಡ ಅಲ್ಲಲ್ಲಿ ಬೆಳ್ಳಗಾಗಿತ್ತು. ಕೈಗಳಿಗೆ ಕರಿ ಎಣ್ಣೆ ಮೆತ್ತಿತ್ತು.

"ಭಾನುವಾರ ನನ್ನ ಜೊತೆ ಅಖಾಡಕ್ಕಿಳೀಬೇಕು," ಎಂದ ಜಟ್ಟಿಂಗಪ್ಪ.

"ಓಹೋ, ಪೈಲ್ವಾನ್ರು! ಬೆನ್ನು ವಾಸಿಯಾಯ್ತಾ?"

"ಹಳೇದು ಬಿಡು."

"ಯಾಕ್ ಬಿಡ್ಲಿ? ಸಾಗರದ ಸಂತೇಲಿ ಎದುರಿಗೇ ನಿಂತು ಕೇಳಿದ್ನಲ್ಲ, ಮುಖ ತಿರುಗಿಸ್ಕೊಂಡು ಹೋದೆ. ಕಬ್ಬಿಣ ಹೊತ್ತು ಮನಿಗೆ ಬಂದು ನಿನ್ನೊಬ್ಬನ ಸಲುವಾಗಿ ಸಾಮು ಮಾಡ್ತಿದ್ದೆ. ಈ ವರ್ಷ ಕರೀತಾರೆ, ಮುಂದಿನ ವರ್ಷ ಕರೀತಾರೆ ಅಂತ."

"ಮಕ್ಕಳಿಗಿದ್ದ ಹಾಲು ತೆಗ್ದು ಇವ್ರಿಗೆ ಕೊಟ್ಟೆ," ಹುಲಿಗೆಮ್ಮ ಹಿಂಡಿದ ಸೀರೆಯನ್ನು ಕಲ್ಲಿನ ಮೇಲೆ ಬಡಿದಳು. "ಈಗ್ಯಾಕೆ ಬಂದ್ರಿ? ಗದೆಗೆ ಮೆರುಗು ಹಾಕಿಸ್ಕೊಂಡು ಹೋಗೋಕಾ?"

"ಹೆದರ್ತೀಯಾ?" ಜಟ್ಟಿಂಗಪ್ಪ ಅವಳನ್ನು ನೋಡದೆ ಬೆಳ್ಳಪ್ಪನನ್ನೇ ಕೇಳಿದ.

ಬೆಳ್ಳಪ್ಪ ಬುತ್ತಿ ಡಬ್ಬಿಯನ್ನು ಕಟ್ಟೆಯ ಮೇಲಿಟ್ಟ. ಮುಂದಿನ ಕ್ಷಣ ಅವನ ಕೈ ಜಟ್ಟಿಂಗಪ್ಪನ ಹೆಗಲಿನ ಹಿಂದಿತ್ತು. ಹಣೆಗೆ ಹಣೆ ಒತ್ತಿ ಇಬ್ಬರೂ ಅಂಗಳದ ಮಣ್ಣಿನಲ್ಲಿ ಕಾಲೂರಿದರು. ಜಟ್ಟಿಂಗಪ್ಪ ತನ್ನ ಭಾರವನ್ನೆಲ್ಲ ಹಾಕಿ ತಳ್ಳಿದ. ಬಲಕ್ಕೆ ಎಳೆದ, ಎಡಕ್ಕೆ ತಿರುಚಿದ. ಎದುರಿನವನು ಕದಲಲಿಲ್ಲ. ತನ್ನ ಹಿಮ್ಮಡಿ ಮಣ್ಣಿನಲ್ಲಿ ಹಿಂದಕ್ಕೆ ಜಾರುತ್ತಿರುವುದು ಜಟ್ಟಿಂಗಪ್ಪನಿಗೆ ತಿಳಿಯಿತು. ಮತ್ತೆ ಜಾರಿತು. ಆಗ ಬೆಳ್ಳಪ್ಪ ತಾನಾಗಿಯೇ ಕೈ ಬಿಟ್ಟ.

"ಗೊತ್ತಾಯ್ತಲ್ಲ? ಹೋಗು."

"ಅಖಾಡಕ್ಕೆ ಬಾ." ಧ್ವನಿ ಬೇಡಿದಂತಿತ್ತು. ಅದಕ್ಕೇ ಜಟ್ಟಿಂಗಪ್ಪನಿಗೆ ಇನ್ನಷ್ಟು ಸಿಟ್ಟು ಬಂತು. "ಜನರ ಎದುರಿಗೆ ಬಾ!"

"ಬರಲ್ಲ. ನಾನ್ ಗೆದ್ರೆ ವಯಸ್ಸಾದವನ್ನ ಕೆಡವ್ದ ಅಂತಾರೆ. ನೀನ್ ಗೆದ್ರೆ ನಿಂಗೆ ಎಲ್ಲಾ ಸರಿಹೋಗುತ್ತೆ. ನಿಂದು ನಾನ್ಯಾಕೆ ಸರಿ ಮಾಡ್ಕೊಡ್ಲಿ?" ಬೆಳ್ಳಪ್ಪ ಬುತ್ತಿ ಡಬ್ಬಿ ಎತ್ತಿಕೊಂಡು ಬಾಗಿ ಒಳಗೆ ಹೋದ. ಹುಲಿಗೆಮ್ಮ ಬಕೆಟ್ಟಿನ ನೀರನ್ನು ಅಂಗಳಕ್ಕೆ ಚೆಲ್ಲಿದಳು.

ಭಾನುವಾರ ಅಖಾಡದ ಸುತ್ತ ಕಾಲಿಡಲು ಜಾಗವಿರಲಿಲ್ಲ. ವಾಸಪ್ಪ ತೊಡೆ ತಟ್ಟಿಕೊಂಡು ಬಂದ. ನಿಜಕ್ಕೂ ಒಳ್ಳೆಯ ಮೈ; ಹೋರಿ ಹಿಡಿದು ಪಳಗಿದ ತೋಳುಗಳು. ಜಟ್ಟಿಂಗಪ್ಪ ಅವನ ಸೊಂಟಕ್ಕೆ ಕೈ ಹಾಕಿದ್ದಷ್ಟೆ, ಪಟ್ಟು ಇನ್ನೂ ಕೂಡಿರಲಿಲ್ಲ, ಅವನು ಅಂಗಾತ ಬಿದ್ದ. ತಮಟೆಯವರು ಶುರು ಮಾಡಿಯೇಬಿಟ್ಟರು.

"ಏಳು," ಎಂದ ಜಟ್ಟಿಂಗಪ್ಪ.

ವಾಸಪ್ಪ ಗಲಿಬಿಲಿಗೊಂಡು ನೋಡಿದ. ಜಟ್ಟಿಂಗಪ್ಪ ತೋಳು ಹಿಡಿದು ಅವನನ್ನು ಎಬ್ಬಿಸಿ ನಿಲ್ಲಿಸಿದ. ಮತ್ತೆ ಮುಟ್ಟಿದ. ವಾಸಪ್ಪ ಮತ್ತೆ ಬಿದ್ದ. ಜನ ಶಿಳ್ಳೆ ಹಾಕಿದರು. ಪೈಲ್ವಾನನ ರೋಷ ನೋಡಿ ಎಂದು ಯಾರೋ ಕೂಗಿದರು.

"ಆಡೋ! ಆಡು!" ಜಟ್ಟಿಂಗಪ್ಪ ಅವನ ಕೆನ್ನೆಗೆ ಬಾರಿಸಿದ.

ವಾಸಪ್ಪನ ಕಣ್ಣುಗಳು ಕೆರಳಿದವು. ಅವನು ಎದ್ದು ಜಟ್ಟಿಂಗಪ್ಪನ ಸೊಂಟವನ್ನು ಎರಡೂ ತೋಳುಗಳಿಂದ ಬಿಗಿದ. ಆ ಬಿಗಿಗೆ ಜಟ್ಟಿಂಗಪ್ಪನ ಉಸಿರು ನಿಂತಿತು. ಕಾಲು ನೆಲದಿಂದ ಮೇಲೆದ್ದಿತು. ತಮಟೆಯ ತಾಳ ತಪ್ಪಿತು. ವೇದಿಕೆಯ ಮೇಲೆ ಸುಬ್ಬರಾಯ ಕುರ್ಚಿ ಬಿಟ್ಟು ಎದ್ದ. ವಾಸಪ್ಪ ಅತ್ತ ನೋಡಿದ. ತೋಳುಗಳು ಸಡಿಲಾದವು.

"ಬಿಡಬೇಡ," ಜಟ್ಟಿಂಗಪ್ಪ ಅವನ ಕಿವಿಯಲ್ಲಿ ಹೇಳಿದ. "ಬಿಡಬೇಡ, ನಿನ್ನ ಕಾಲಿಗೆ ಬೀಳ್ತೀನಿ."

"ನಂಗೆ ಅವ್ರು ಹೇಳಿದ್ದೇ ಬೇರೆ ಅಣ್ಣ," ಎಂದು ವಾಸಪ್ಪ ಮೆಲ್ಲಗೆ ಕೂತ. ಆಮೇಲೆ ಯಾರೂ ಮುಟ್ಟದೆಯೇ ಹಿಂದಕ್ಕೆ ಒರಗಿ ಮಲಗಿದ.

ಮೈಕಿನಲ್ಲಿ ಜಟ್ಟಿಂಗಪ್ಪನ ಹೆಸರು ಕರೆದರು. ಮತ್ತೊಮ್ಮೆ ಕರೆದರು. ಅವನು ಮಂಡಿಯೂರಿ ವಾಸಪ್ಪನ ಭುಜ ಅಲುಗಿಸುತ್ತಿದ್ದ. ವಾಸಪ್ಪ ರೆಪ್ಪೆಗಳ ಮೇಲೆ ಕೆಂಪು ಧೂಳು ಹೊತ್ತು, ಕಣ್ಣು ಬಿಗಿದು ಮುಚ್ಚಿ, ಅವನು ಹೋಗಲೆಂದು ಕಾಯುತ್ತ ಮಲಗಿಯೇ ಇದ್ದ.