ಕೆತ್ತೆ ತಂದವನು

ನೋಣಯ್ಯನವರು ಸ್ಟೀಲಿನ ಲೋಟ ಎತ್ತಿ, ಕಣ್ಣು ಮುಚ್ಚಿ, ಕಷಾಯವನ್ನು ಒಂದೇ ಉಸಿರಿಗೆ ಗಂಟಲಿಗಿಳಿಸಿದರು. "ಈ ವರ್ಷದ್ದು ಭಾರೀ ಕೈಪೆ ಉಂಟು," ಎಂದು ಮುಖವನ್ನು ಬೇಕೆಂದೇ ಸ್ವಲ್ಪ ಹೆಚ್ಚು ಸಿಂಡರಿಸಿದರು. ಮೊಮ್ಮಗಳು ತೃಷಾ ಹೆದರಿ ಅಜ್ಜಿಯ ಸೆರಗಿನ ಹಿಂದೆ ಸರಿದಳು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಭವ್ಯಶ್ರೀ ಮಾತ್ರ ಮಾವನನ್ನು ನೋಡುತ್ತಿರಲಿಲ್ಲ. ಗೋಡೆಗೆ ಒರಗಿ ಕುಳಿತಿದ್ದ ಗಂಡ ಲತೇಶನ ಬಾಯಿಯನ್ನು ನೋಡುತ್ತಿದ್ದಳು. ಬೆಳಗಿನಿಂದ ಅದು ತೆರೆದಿರಲಿಲ್ಲ.

ತೆರೆಯುವಂತೆಯೂ ಇರಲಿಲ್ಲ. ಮಳೆಗಾಲದ ಆಟಿ ತಿಂಗಳ ಅಮಾವಾಸ್ಯೆಯ ಬೆಳಗ್ಗೆ ಕರಾವಳಿಯ ಆ ಕಡೆಯ ಮನೆಮನೆಗಳಲ್ಲಿ ಹಾಲೆ ಮರದ ತೊಗಟೆಯ ಕಷಾಯ ಕುಡಿಯುತ್ತಾರೆ. ಸೂರ್ಯ ಹುಟ್ಟುವ ಮೊದಲೇ ಮರದ ಬುಡಕ್ಕೆ ಹೋಗಬೇಕು, ಕತ್ತಿ ತಾಗಿಸದೆ ಕಲ್ಲಿನಿಂದಲೇ ಜಜ್ಜಿ ಕೆತ್ತೆ ತೆಗೆಯಬೇಕು. ನೋಣಯ್ಯನವರ ಮನೆಯಲ್ಲಿ ಇದರ ಮೇಲೆ ಇನ್ನೊಂದು ಕ್ರಮ ಇತ್ತು. ಕೆತ್ತೆ ತರಲು ಹೊರಟವನು ಟಾರ್ಚ್ ಹಾಕುವಂತಿಲ್ಲ, ತನ್ನ ಪಾಲಿನ ಕಷಾಯ ಕುಡಿಯುವ ತನಕ ಯಾರೊಡನೆಯೂ ಮಾತನಾಡುವಂತಿಲ್ಲ. ಕಾವೂರಿನಲ್ಲಿ ಗದ್ದೆ ಹೋಗಿ ಅಪಾರ್ಟ್‌ಮೆಂಟು ಬಂತು, ಮನೆಯ ಹಂಚು ಹೋಗಿ ಸ್ಲ್ಯಾಬು ಬಂತು, ಈ ಕ್ರಮವೊಂದು ಮಾತ್ರ ಜಪ್ಪಯ್ಯ ಅಂದರೂ ಹೋಗಲಿಲ್ಲ.

ಪ್ರತಿ ವರ್ಷ ನೋಣಯ್ಯನವರೇ ಹೋಗುತ್ತಿದ್ದರು. ಈ ವರ್ಷ ಅವರ ಮೊಣಕಾಲಿಗೆ ಆಪರೇಶನ್ ಆಗಿತ್ತು. "ಈ ಸಲ ಲತೇಶ ಹೋಗಲಿ," ಎಂದು ಹಿಂದಿನ ದಿನ ಊಟಕ್ಕೆ ಕುಳಿತಾಗ ಹೇಳಿದ್ದರು. ಭವ್ಯಶ್ರೀ ಸಾರಿನ ಸೌಟು ಕೆಳಗಿಟ್ಟಿದ್ದಳು. "ಈ ವರ್ಷ ಕಷಾಯ ಬೇಡ ಮಾವ," ಎಂದಿದ್ದಳು. ಅತ್ತೆ ಮುದ್ದಕ್ಕ ಬಿಡಲಿಲ್ಲ. "ಸಣ್ಣ ಸಣ್ಣ ಕೆಲಸ ಕೊಡಿ ಅಂತ ನಿನ್ನ ಡಾಕ್ಟ್ರೇ ಹೇಳಿದ್ದಲ್ವಾ? ಅದೂ ಅಲ್ಲದೆ ಆ ಕಷಾಯ ಹೊಟ್ಟೆಗೆ ಬಿದ್ರೆ ಅವನ ಎಲ್ಲ ದೋಷ ಇಳಿತದೆ," ಎಂದಿದ್ದರು.

ಲತೇಶ ಒಂದು ಕಾಲದಲ್ಲಿ ಐಸ್‌ಕ್ರೀಂ ಕಂಪನಿಯ ವ್ಯಾನ್ ಓಡಿಸುತ್ತಾ ಸುರತ್ಕಲ್‌ನಿಂದ ತಲಪಾಡಿಯವರೆಗೆ ಅಂಗಡಿ ಅಂಗಡಿಯಲ್ಲೂ ಪಟ್ಟಾಂಗ ಹೊಡೆಯುತ್ತಿದ್ದ ಮನುಷ್ಯ. ಕಳೆದ ದೀಪಾವಳಿ ಹೊತ್ತಿಗೆ ಮಾತು ಕಡಿಮೆಯಾಯಿತು, ಕ್ರಿಸ್ಮಸ್ ಹೊತ್ತಿಗೆ ಊಟ. ಆಮೇಲೆ ಕೆಲಸವೂ ಹೋಯಿತು. ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ನೆರೆಮನೆಯ ಆಟೋ ಹಾಶಿಂ ಬಚ್ಚಲಿನ ಬಾಗಿಲು ಒಡೆದು ಅವನನ್ನು ಹೊರಗೆಳೆದು ತರಬೇಕಾಯಿತು. ಅಂದಿನಿಂದ ಆ ಬಾಗಿಲಿಗೆ ಚಿಲಕವಿಲ್ಲ. ಅವನ ಮಾತ್ರೆಗಳು ಭವ್ಯಶ್ರೀಯ ಬ್ಯಾಗಿನಲ್ಲಿ, ಮನೆಯ ಓಮ್ನಿಯ ಚಾವಿ ಅಕ್ಕಿ ಡ್ರಮ್ಮಿನ ಒಳಗೆ. ಡಾಕ್ಟರು ಡಿಪ್ರೆಶನ್ ಎಂದರು, ಮುದ್ದಕ್ಕ ದೃಷ್ಟಿ ಎಂದರು, ನೆಂಟರು ಬಾಯಿಗೆ ಬಂದದ್ದೆಲ್ಲ ಎಂದರು. ಲತೇಶ ಮಾತ್ರ ಏನೂ ಹೇಳಲಿಲ್ಲ.

ಅವನ ಜೊತೆ ತಾನೂ ಹೋಗಬೇಕೆಂದು ಭವ್ಯಶ್ರೀ ಎಣಿಸಿಕೊಂಡೇ ಮಲಗಿದ್ದಳು. ಎಚ್ಚರವಾದಾಗ ಪಕ್ಕದ ಹಾಸಿಗೆ ಖಾಲಿ. ಹೊರಗೆ ಮಳೆ, ಮನೆಯಿಂದ ಕೂಗಳತೆಯಲ್ಲಿ ಕಾವೂರಿನ ಕೆರೆ. ಚಪ್ಪಲಿ ಹಾಕದೆ ಅಂಗಳಕ್ಕೆ ಓಡಿ, ಸ್ಕೂಟರನ್ನು ಸ್ಟ್ಯಾಂಡಿನಿಂದ ಇಳಿಸುವಷ್ಟರಲ್ಲಿ ಅವನು ಗೇಟಿನ ಬಳಿ ಕಂಡಿದ್ದ. ಮೈಯೆಲ್ಲ ಒದ್ದೆ, ಕೈಯಲ್ಲಿ ಹೆಗಲ ಬೈರಾಸಿನಲ್ಲಿ ಕಟ್ಟಿದ ಕೆತ್ತೆಯ ಗಂಟು. ಅವಳಿಗೆ ಅವನನ್ನು ಅಪ್ಪಿಕೊಳ್ಳಬೇಕೆನಿಸಿತು, ಕೆನ್ನೆಗೆ ಎರಡು ಬಾರಿಸಬೇಕೆಂದೂ ಅನಿಸಿತು. "ಎಬ್ಬಿಸ್ಲಿಕ್ಕೆ ಆಗ್ತಿರ್ಲಿಲ್ವಾ ನಿಮಗೆ?" ಎಂದು ಕೇಳಿದಳು. ಅವನು ತುಟಿಯ ಮೇಲೆ ಬೆರಳಿಟ್ಟು ಗಂಟು ತೋರಿಸಿ ಒಳಗೆ ಹೋದ.

ಮುದ್ದಕ್ಕ ಕೆತ್ತೆಗೆ ಕಾಳುಮೆಣಸು, ಬೆಳ್ಳುಳ್ಳಿ, ಓಮ ಸೇರಿಸಿ ಅರೆದು, ರಸ ಹಿಂಡಿ, ಒಲೆಯಲ್ಲಿ ಕಾಯಿಸಿದ ಬಿಳಿ ಕಲ್ಲನ್ನು ಅದರೊಳಗೆ ಇಳಿಸಿದರು. ಆ ಚುಂಯ್ ಎಂಬ ಸದ್ದಿನ ಹೊತ್ತಿಗೇ ಭವ್ಯಶ್ರೀಗೆ ಹಿಂದಿನ ದಿನದ ಮಾವನ ಮಾತು ನೆನಪಾದದ್ದು. ಅವರು ವರ್ಷವೂ ಕೆತ್ತೆ ತೆಗೆಯುತ್ತಿದ್ದ ಮರವನ್ನು ಯಾವುದೋ ಲೇಔಟಿನವರು ಕಡಿದಿದ್ದರು. "ಗುಡ್ಡೆಯಲ್ಲಿ ಇನ್ನೊಂದು ಉಂಟು. ಅಲ್ಲಿ ಎರಡು ಮರ ಒಟ್ಟಿಗೇ ಇರುದು. ಎಡಗಡೆಯದ್ದು ಹಾಲೆ. ಬಲಗಡೆಯದ್ದು ಕಾಸರಕ, ಅದನ್ನು ಮುಟ್ಲಿಕ್ಕಿಲ್ಲ, ವಿಷ," ಎಂದಿದ್ದರು. ಲತೇಶ ಅನ್ನ ಕಲಸುತ್ತಾ ತಲೆಯಾಡಿಸಿದ್ದ. ಆಟಿಯಲ್ಲಿ ತಪ್ಪು ಮರದ ಕಷಾಯ ಕುಡಿದು ಆಸ್ಪತ್ರೆ ಸೇರಿದವರ ಸುದ್ದಿಯನ್ನು ಅವಳು ಓದಿದ್ದಳು. ಮಳೆ, ಕತ್ತಲೆ, ಟಾರ್ಚ್ ಇಲ್ಲ, ಮಾತ್ರೆಯ ಮಂಪರು. ತಪ್ಪಿದ್ದರೆ? ಆ ಪ್ರಶ್ನೆಯ ಹಿಂದೆಯೇ ಇನ್ನೊಂದು ಬಂತು, ಅದು ಬರಬಾರದಿತ್ತು. ತಪ್ಪದೆ, ಬೇಕೆಂದೇ ತಂದಿದ್ದರೆ?

ಪೇಟೆಯೊಳಗಿನ ಕುಲಶೇಖರದ ಮನೆಗಳ ಸಾಲಿನ ನಡುವೆ ಬೆಳೆದ ಅವಳಿಗೆ ಒಂದು ತೊಗಟೆಗೂ ಇನ್ನೊಂದಕ್ಕೂ ವ್ಯತ್ಯಾಸ ತಿಳಿಯದು. ಹಾಲೆಗೆ ಗಾಯವಾದರೆ ಬಿಳಿ ಹಾಲು ಬರುತ್ತದೆ ಎಂಬುದೊಂದೇ ಗೊತ್ತು. ಕೇಳೋಣವೆಂದರೆ ಅವನು ಕುಡಿಯುವ ತನಕ ಮಾತನಾಡುವುದಿಲ್ಲ, ಕುಡಿದ ಮೇಲೆ ಕೇಳಿ ಪ್ರಯೋಜನವಿಲ್ಲ. ಅವಳು ಹೀಗೆ ಒದ್ದಾಡುತ್ತಿರುವಾಗಲೇ ಮಾವ ಕುಡಿದು ಲೋಟ ಕೆಳಗಿಟ್ಟಿದ್ದರು. ಮುದ್ದಕ್ಕ ಎರಡನೆಯ ಲೋಟವನ್ನು ಮಗನ ಮುಂದಿಟ್ಟು, ಮೂರನೆಯದನ್ನು ತೃಷಾಳ ಬಾಯಿಯ ಹತ್ತಿರ ತಂದರು.

"ಎಂಕ್ ಬೊಡ್ಚಿ," ಎಂದು ಮಗು ಬಾಯಿ ಮುಚ್ಚಿಕೊಂಡಿತು.

"ಬೇಡ ಅನ್ಲಿಕ್ಕಿಲ್ಲ ಮಗಾ, ಒಂದೇ ಗುಟುಕು. ಆಮೇಲೆ ಬೆಲ್ಲ ಕೊಡ್ತೇನೆ."

"ಅತ್ತೆ, ನಿಲ್ಲಿ," ಎಂದಳು ಭವ್ಯಶ್ರೀ. ಅವಳ ಸ್ವರ ಅವಳಿಗೇ ಗುರುತು ಸಿಗಲಿಲ್ಲ. ಗಂಡನ ಎದುರು ಕುಕ್ಕರುಗಾಲಿನಲ್ಲಿ ಕುಳಿತಳು. "ಇಲ್ಲಿ ನೋಡಿ. ಜಜ್ಜುವಾಗ ಹಾಲು ಬಂದಿತ್ತಾ?"

ಮುದ್ದಕ್ಕನ ಮುಖ ಕಪ್ಪಿಟ್ಟಿತು. "ಎಂತ ಕೇಳ್ತಾ ಇದ್ದಿ ನೀನು? ನನ್ನ ಮಗ ಮನೆಯವರಿಗೆ ವಿಷ ತಂದ ಅಂತಲಾ? ಸ್ವಂತ ಮಗುವಿಗೆ?"

"ಹಾಗೆ ಹೇಳ್ಲಿಲ್ಲ ಅತ್ತೆ. ಹಾಲು ಬಂದಿತ್ತಾ ಅಂತ ಮಾತ್ರ ಕೇಳಿದ್ದು."

ಲತೇಶ ಹೆಂಡತಿಯ ಕಣ್ಣನ್ನೇ ನೋಡಿದ. ಎಷ್ಟೋ ತಿಂಗಳಿಂದ ಯಾರ ಕಣ್ಣನ್ನೂ ಹೀಗೆ ನೋಡಿರಲಿಲ್ಲ. ತುಟಿ ಅಲುಗಿತು, ಅವನು ಅಪ್ಪನತ್ತ ಒಮ್ಮೆ ನೋಡಿದ, ತುಟಿ ಮತ್ತೆ ಮುಚ್ಚಿಕೊಂಡಿತು. ಏನೋ ನಿರ್ಧರಿಸಿದವನಂತೆ ತನ್ನ ಲೋಟವನ್ನು ಎತ್ತಿ, ಅವಳು ಕೈ ಹಿಡಿಯುವಷ್ಟರಲ್ಲಿ ಗಟಗಟನೆ ಕುಡಿದು ಮುಗಿಸಿ, ಬಾಯಿ ಒರೆಸಿಕೊಂಡ.

"ಗೊತ್ತಿಲ್ಲ," ಎಂದ. ಸ್ವರ ಒಡೆದು ಹೋಗಿತ್ತು. "ಮಳೆ ಬರ್ತಾ ಇತ್ತು. ಹಾಲು ಬಂತಾ ನೀರಾ, ನನಗೆ ಕಾಣ್ಲಿಲ್ಲ. ಎಡಗಡೆಯದ್ದನ್ನೇ ಜಜ್ಜಿದೆ. ಆದ್ರೆ..." ಅವನು ಎದ್ದು ನಿಂತ. "ಆದ್ರೆ ನಾನು ರೋಡಿನಿಂದ ಹೋಗ್ಲಿಲ್ಲ. ಕೆರೆ ಬದಿಯಿಂದ ಹತ್ತಿದ್ದು. ಆ ಬದಿಯಿಂದ ಎಡ ಬಲ ಉಲ್ಟಾ ಅಲ್ವಾ?"

ಹೇಳುತ್ತಿದ್ದಂತೆ ಅವನ ಮುಖದ ಬಣ್ಣವೇ ಹೋಯಿತು. ಒಂದೇ ಹೆಜ್ಜೆಗೆ ಅಮ್ಮನ ಬಳಿ ಹೋಗಿ ತೃಷಾಳ ಲೋಟವನ್ನು ಕಿತ್ತುಕೊಂಡು ಮೋರಿಗೆ ಸುರಿದ. ಪಾತ್ರೆಯಲ್ಲಿ ಉಳಿದದ್ದನ್ನೂ ಸುರಿದ. ಮಗಳ ಗಲ್ಲ ಹಿಡಿದು, "ಬಾಯಿ ತೆರೆ. ನೀನು ಕುಡಿದ್ಯಾ? ಸ್ವಲ್ಪವಾದ್ರೂ?" ಎಂದು ಕೂಗಿದ. ಮಗು ಇಲ್ಲವೆಂದು ತಲೆಯಾಡಿಸಿ ಅಳತೊಡಗಿತು.

"ಅಪ್ಪ ಕುಡಿದಿದ್ದಾರೆ," ಎಂದ ಲತೇಶ. "ಆಸ್ಪತ್ರೆಗೆ ಹೋಗ್ಬೇಕು. ಭವ್ಯ, ಚಾವಿ ಕೊಡು."

ಹಾಶಿಂನ ಆಟೋ ಬೆಳಗಿನ ಬಾಡಿಗೆಗೆ ಹೋಗಿತ್ತು, ಫೋನ್ ಮಾಡಿದರೆ ಅವನು ಎತ್ತಲಿಲ್ಲ. ಆಂಬುಲೆನ್ಸ್ ಬರುವ ತನಕ ಕಾಯುವ ಧೈರ್ಯ ಯಾರಿಗೂ ಇರಲಿಲ್ಲ. ಮಡಚಲಾಗದ ಕಾಲಿನ ಮಾವನನ್ನು ಸ್ಕೂಟರಿನಲ್ಲಿ ಕೂರಿಸುವಂತೆಯೂ ಇಲ್ಲ. ಓಮ್ನಿ ಓಡಿಸಲು ಬರುತ್ತಿದ್ದದ್ದು ಲತೇಶನೊಬ್ಬನಿಗೆ. ಚಾವಿ ಅವನ ಕೈಗೆ ಸಿಗಬಾರದೆಂದು ಅಡಗಿಸಿಟ್ಟವಳೇ ಅವಳು. ಭವ್ಯಶ್ರೀ ಅವನು ಚಾಚಿದ ಕೈಯನ್ನು ನೋಡಿದಳು, ಮುಖವನ್ನು ನೋಡಿದಳು. ಅಲ್ಲಿ ಹೆದರಿಕೆ ಇತ್ತು. ಅಪ್ಪಟ ಹೆದರಿಕೆ. ಅದನ್ನು ಕಂಡು ಅವಳಿಗೆ ಯಾಕೋ ಧೈರ್ಯ ಬಂತು. ಒಳಗೆ ಹೋಗಿ ಡ್ರಮ್ಮಿನ ಕುಚ್ಚಲಕ್ಕಿಗೆ ಮೊಣಕೈಯವರೆಗೆ ಕೈ ಹಾಕಿ ತಡಕಾಡಿದಳು.

ಮುದ್ದಕ್ಕ ಮೊಮ್ಮಗಳನ್ನು ಅಪ್ಪಿಕೊಂಡು ಗೇಟಿನಲ್ಲಿ ನಿಂತರು. ಓಮ್ನಿ ಎರಡು ಸಲ ಕೆಮ್ಮಿ ಸ್ಟಾರ್ಟ್ ಆಯಿತು. ನೋಣಯ್ಯನವರು ಹಿಂದಿನ ಸೀಟಿನಲ್ಲಿ ಕಾಲು ನೀಡಿ ಕುಳಿತು, "ಕಾಲು ಜುಮುಜುಮು ಆಗ್ತದೆ," ಎಂದರು. ಲತೇಶ ಗೇರ್ ಬದಲಾಯಿಸುವುದನ್ನೇ ಮರೆತ. "ಮೊನ್ನೆಯಿಂದಲೂ ಹಾಗೇ ಉಂಟು," ಎಂದು ಅವರೇ ಸೇರಿಸಿದರು. ಎದುರಿಗೆ ಸಿಟಿ ಬಸ್ಸೊಂದು ಜನ ಹತ್ತಿಸುತ್ತಾ ರಸ್ತೆ ನಡುವೆಯೇ ನಿಂತಿತ್ತು. ಲತೇಶ ಹಾರ್ನ್ ಮೇಲಿನ ಕೈ ತೆಗೆಯದೆ ಅದನ್ನು ದಾಟಿದ.

ಭವ್ಯಶ್ರೀಗೆ ತಡೆಯಲಾಗಲಿಲ್ಲ. "ಕೆರೆ ಬದಿಗೆ ಯಾಕೆ ಹೋದದ್ದು ನೀವು?"

ಅವನು ಗೇರ್ ಬದಲಾಯಿಸಿದ. ದೇರೆಬೈಲ್ ಹತ್ತಿರ ಬಂದಾಗ ಹೇಳಿದ. "ಅಲ್ಲಿ ಸ್ವಲ್ಪ ನಿಂತೆ."

"ಆಮೇಲೆ?"

"ಆಮೇಲೆ ಎಂತ? ಅಪ್ಪ ಕೆತ್ತೆಗೆ ಕಾಯ್ತಾರೆ ಅಂತ ನೆನಪಾಯ್ತು. ಹೋದೆ."

ಹಿಂದಿನ ಸೀಟಿನಲ್ಲಿ ನೋಣಯ್ಯನವರು ಕಿಟಕಿಯ ಕಡೆಗೆ ತಿರುಗಿ ಕುಳಿತರು. ಭವ್ಯಶ್ರೀ ಕಣ್ಣು ಒರೆಸಿಕೊಂಡಳು. ಇನ್ನೊಂದು ಪ್ರಶ್ನೆ ಉಳಿದಿತ್ತು. "ಮತ್ತೆ ಆ ಲೋಟ? ನಾನು ಅಷ್ಟು ಹೇಳಿದ ಮೇಲೂ ಯಾಕೆ ಕುಡಿದದ್ದು?"

"ನೀನು ಕೇಳಿದಿ ಅಲ್ವಾ? ಕುಡಿಯದೆ ಮಾತಾಡ್ಲಿಕ್ಕಿಲ್ಲ. ಅಪ್ಪ ಎದುರಿಗೇ ಕೂತಿದ್ರು."

ಅವಳಿಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂತು. ಅವನ ಭುಜಕ್ಕೆ ಗುದ್ದಿದಳು. "ಮಂಡೆ ಸಮ ಉಂಟಾ ನಿಮಗೆ?"

ಮಾರ್ಚ್‌ನಿಂದ ಈಚೆಗೆ ಆ ಮನೆಯಲ್ಲಿ ಯಾರೂ ಆ ಮಾತನ್ನು ಮಗುವಿಗೆ ಬೈಯಲೂ ಬಳಸಿರಲಿಲ್ಲ. ಆಡಿದ ಕೂಡಲೇ ಅವಳು ನಾಲಗೆ ಕಚ್ಚಿಕೊಂಡಳು.

"ಇಲ್ಲ ಅಂತಲೇ ಅಲ್ವಾ ನೀನು ಮಾತ್ರೆ ಕೊಡುದು," ಎಂದ ಲತೇಶ, ರಸ್ತೆಯಿಂದ ಕಣ್ಣು ತೆಗೆಯದೆ.

ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಡ್ಯೂಟಿಯಲ್ಲಿದ್ದವರು ಡಾಕ್ಟರ್ ಇರ್ವಿನ್ ಎಂಬ ಎಳೆ ಹುಡುಗ. ಕಷಾಯ ಎಂದ ಕೂಡಲೇ ಅವರಿಗೆ ಅರ್ಥವಾಯಿತು. ನೋಣಯ್ಯನವರನ್ನು ಮಲಗಿಸಿ, ಎದೆಗೆ ವಯರುಗಳನ್ನು ಅಂಟಿಸಿ, "ಬೇರೆ ಮರದ್ದಾದ್ರೆ ಫಿಟ್ಸ್ ಬರುವ ಚಾನ್ಸ್ ಉಂಟು. ಕಾದು ನೋಡ್ಬೇಕು. ಆ ಮರದ ಫೋಟೋ ಸಿಗ್ತದಾ?" ಎಂದರು. ಭವ್ಯಶ್ರೀ ಹಾಶಿಂಗೆ ಫೋನ್ ಮಾಡಿದಳು. ಈ ಸಲ ಅವನು ಎತ್ತಿದ. "ಗುಡ್ಡೆಯ ಮರ ಅಲ್ವಾ, ಈಗ ಹೋಗ್ತೇನೆ ಮಾರಾಯ್ತಿ, ನೀನು ಹೆದರ್ಬೇಡ," ಎಂದ.

"ಇವರು ಮಾತ್ರವಾ ಕುಡಿದದ್ದು?" ಎಂದು ಡಾಕ್ಟರು ಕೇಳಿದರು.

ಭವ್ಯಶ್ರೀ ಬಾಯಿ ತೆರೆಯುವ ಮೊದಲೇ ಲತೇಶ ಮುಂದೆ ಬಂದ. "ನಾನೂ ಕುಡಿದಿದ್ದೇನೆ ಡಾಕ್ಟ್ರೆ. ಅಪ್ಪನಷ್ಟೇ ಕುಡಿದಿದ್ದೇನೆ. ನನ್ನನ್ನೂ ನೋಡಿ." ಅವನು ಭವ್ಯಶ್ರೀಯ ಬ್ಯಾಗಿನತ್ತ ಕೈ ತೋರಿಸಿದ. "ನಾನು ಡಿಪ್ರೆಶನ್‌ಗೆ ಮಾತ್ರೆ ತಗೊಳ್ತೇನೆ. ಮಾರ್ಚಿನಲ್ಲಿ ಒಂದ್ಸಲ ಅಡ್ಮಿಟ್ ಆಗಿದ್ದೆ. ಆದ್ರೆ ಇದು ಅದಲ್ಲ. ಇದು ನಿಜವಾಗಿಯೂ ಗೊತ್ತಾಗದೆ ಆದದ್ದು."

ಡಾಕ್ಟರು ಅವನ ಮುಖವನ್ನೊಮ್ಮೆ ನೋಡಿ, ಪಕ್ಕದ ಹಾಸಿಗೆ ತೋರಿಸಿದರು.

ತಂದೆ ಮಗ ಅಕ್ಕಪಕ್ಕ ಮಲಗಿದರು. ನರ್ಸ್ ಬರ್ನಡೆಟ್ ಒಬ್ಬರಾದ ಮೇಲೆ ಒಬ್ಬರ ನಾಡಿ ನೋಡುತ್ತಾ ಓಡಾಡಿದರು. ಲತೇಶ ತನ್ನ ಕೈಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಡಿಸಿ ನೋಡುತ್ತಿದ್ದ. ದವಡೆಯನ್ನು ಆಚೀಚೆ ಅಲುಗಿಸಿ ಪರೀಕ್ಷಿಸುತ್ತಿದ್ದ. "ಕುತ್ತಿಗೆ ಹಿಡಿದ ಹಾಗೆ ಆಗ್ತದಾ ಅಪ್ಪ ನಿಮಗೆ?" "ಇಲ್ಲ." "ಕಣ್ಣು?" "ಎಂತ ಆಗ್ಲಿಲ್ಲ ಮಾರಾಯ, ಸುಮ್ನೆ ಬಿದ್ಕೊ." ಭವ್ಯಶ್ರೀ ಎರಡು ಹಾಸಿಗೆಗಳ ನಡುವೆ ನಿಂತು, ಯಾವ ದೇವರಿಗೆ ಏನು ಹರಕೆ ಹೊರುತ್ತಿದ್ದೇನೆ ಎಂಬ ಲೆಕ್ಕವೇ ಇಲ್ಲದೆ ಹೊರುತ್ತಿದ್ದಳು. ಒಮ್ಮೆ ಲತೇಶನ ಪಾದ ಸೆಟೆದಂತೆ ಕಂಡಿತು. ಅವಳು ಓಡಿ ಹಿಡಿದಳು. ಅವನು ಕಾಲು ಎಳೆದುಕೊಂಡ. "ಚಳಿ ಅಷ್ಟೇ. ಒದ್ದೆ ಚಡ್ಡಿ ಬದಲಾಯಿಸ್ಲಿಲ್ಲ ನಾನು."

ಕೊನೆಗೂ ಫೋನು ಟಿಣ್ ಎಂದಿತು. ಹಾಶಿಂ ಕಳಿಸಿದ ಫೋಟೋ. ಮರದಲ್ಲಿ ಹೊಸದಾಗಿ ಜಜ್ಜಿದ ಗಾಯ, ಅದರ ಪಕ್ಕದಲ್ಲೇ ಅವನು ಆಗ ತಾನೇ ಮಾಡಿದ ಇನ್ನೊಂದು ಸಣ್ಣ ಗಾಯ. ಅದರಿಂದ ಬೆಳ್ಳಗಿನ ಹಾಲು ಇಳಿಯುತ್ತಿತ್ತು. ಹಿಂದೆಯೇ ಅವನ ವಾಯ್ಸ್ ಮೆಸೇಜು ಬಂತು. "ಹಾಲೆಯೇ. ಆಚೆಯ ಮರ ಯಾರೂ ಮುಟ್ಲಿಲ್ಲ."

ಡಾಕ್ಟರು ಫೋಟೋ ದೊಡ್ಡದು ಮಾಡಿ ನೋಡಿ ನಕ್ಕರು. ಭವ್ಯಶ್ರೀ ಸ್ಟೂಲಿನ ಮೇಲೆ ಕುಸಿದಳು. ನೋಣಯ್ಯನವರು ಎದೆಯ ವಯರುಗಳನ್ನು ತಾವೇ ಕೀಳತೊಡಗಿದರು.

"ಎಡಗಡೆ ಅಂತ ನಾನು ಹೇಳಿದ್ದೇ ಕೆರೆ ಬದಿಯಿಂದ," ಎಂದರು. "ನಿಮ್ಮ ಗಡಿಬಿಡಿಯಲ್ಲಿ ನನಗೂ ಆಗ ನೆನಪಾಗ್ಲಿಲ್ಲ. ನಾನು ಯಾವತ್ತು ಆ ಗುಡ್ಡೆಗೆ ರೋಡಿನಿಂದ ಹೋದದ್ದು? ಒಳ್ಳೆ ಕಷಾಯ ಎಲ್ಲ ಮೋರಿಗೆ ಹೋಯ್ತು. ಏಳು, ಏಳು, ಮನೆಗೆ ಹೋಗುವ."

ಲತೇಶ ಏಳಲಿಲ್ಲ. ಫೋನನ್ನು ಹೆಂಡತಿಯ ಕೈಯಿಂದ ತೆಗೆದುಕೊಂಡು ತುಂಬ ಹೊತ್ತು ನೋಡಿದ. ಹಿಂದಿರುಗಿಸಿ, ಹೊರಟಿದ್ದ ನರ್ಸನ್ನು ಕರೆದ.

"ಸಿಸ್ಟರ್, ಇನ್ನೊಮ್ಮೆ ನೋಡ್ತೀರಾ?"

"ಎಂತ, ಏನಾದ್ರೂ ಆಗ್ತದಾ ನಿಮಗೆ?" ಬರ್ನಡೆಟ್ ಹತ್ತಿರ ಬಂದರು.

"ಇಲ್ಲ, ಎಂತ ಇಲ್ಲ," ಎಂದ ಲತೇಶ. "ಎಲ್ಲ ಸರಿ ಉಂಟಾ ಅಂತ ಇನ್ನೊಮ್ಮೆ ನೋಡಿ."

ಅಂಗಿಯ ತೋಳನ್ನು ತಾನೇ ಮೇಲಕ್ಕೆ ಸರಿಸಿ ಕೈ ಚಾಚಿದ. ಬರ್ನಡೆಟ್ ಬಿಪಿಯ ಪಟ್ಟಿ ಸುತ್ತಿ ಗಾಳಿ ತುಂಬತೊಡಗಿದರು. ಅದು ಬಿಗಿಯಾಗುತ್ತಾ ಹೋಯಿತು. ಅವನು ಕೈಯನ್ನು ಅಲುಗಿಸದೆ, ಅವರ ಮುಖವನ್ನೇ ನೋಡುತ್ತಾ ಮಲಗಿದ್ದ.