ಒದರುವ ಕುರಿಯ ಗಂಟೆ

ನಮ್ಮ ಮಾವ ಧೊಂಡಿಬಾ ಅವರ ಹಿಂಡಿನಲ್ಲಿ ಕಾರಣವಿಲ್ಲದೆ ಒದರುವ ಕುರಿಗೆ ಗಂಟೆ ಕಟ್ಟುತ್ತಾರೆ. ಗಂಟೆಯ ಜೊತೆ ದನಿ ಕೇಳಿದರೆ ಯಾರೂ ತಿರುಗಿ ನೋಡಬೇಕಿಲ್ಲ. ಅಂಥದೇ ಇನ್ನೊಂದು ಗಂಟೆ ಸಂತಪುರದ ನಮ್ಮ ಅಡುಗೆಮನೆಯಲ್ಲಿದೆ. ಗೊಣಗಿದವರ ತಾಟಿನ ಪಕ್ಕ ಅದನ್ನು ಇಡುತ್ತಾರೆ. ಇನ್ನೊಬ್ಬರು ಗೊಣಗುವ ತನಕ ಅದು ಅವರದೇ.

ಇಪ್ಪತ್ತೆರಡು ವರ್ಷ ಅದು ಅತ್ತೆ ಸತ್ಯಮ್ಮನ ಹತ್ತಿರ ಇತ್ತಂತೆ. ಸದಾ ಅಳುವವಳೆಂದು ಮಾವ ಅವರನ್ನು ರಡಕಿ ಎನ್ನುತ್ತಿದ್ದರು. ಬೀದರದ ಕುರಿ ವ್ಯಾಪಾರಿಗಳಿಂದ ಕಲಿತ ಇನ್ನೊಂದು ಹೆಸರೂ ಇತ್ತು, ರೋತಿ ಸೂರತ್, ಅಂದರೆ ಅಳುಮೋರೆ. ಹೋದ ವರ್ಷ ನಾನು ಭಾಲ್ಕಿಯಿಂದ ಸೊಸೆಯಾಗಿ ಬಂದೆ. ನೀರು ಸವುಳು ಎಂದೆ. ಗಂಟೆ ನನ್ನ ಕಡೆ ಬಂತು, ಹೆಸರುಗಳೂ ಬಂದವು.

ಬಸುರಿನ ಏಳನೇ ತಿಂಗಳಲ್ಲಿ ನನ್ನ ಕಾಲು ಬಾತವು. ಹೇಳಿದೆ, ನಕ್ಕರು. ತಲೆನೋವೆಂದೆ, ನಕ್ಕರು. ತಲೆನೋವಿನ ಜೊತೆ ಕಣ್ಣು ಮಂಜಾದರೆ ಕೂಡಲೇ ದವಾಖಾನೆಗೆ ಬಾ ಎಂದು ತಪಾಸಣೆಗೆ ಹೋದಾಗ ನರ್ಸ್ ಹೇಳಿದ್ದರು. ಸೋಮವಾರ ಬೆಳಿಗ್ಗೆ ರೊಟ್ಟಿ ಬಡಿಯುವಾಗ ಹಂಚು ಎರಡಾಗಿ ಕಂಡಿತು. ಹೊಗೆಯಿರಬಹುದು ಎಂದುಕೊಂಡು ಹೊರಗೆ ಹೋಗಿ ನಿಂತೆ. ಬೇವಿನ ಮರವೂ ಎರಡಿತ್ತು.

“ಕಣ್ಣು ಮಂಜ ಆಗ್ಲತ್ತಾವರಿ. ಬೀದರಕ ಕರಕೊಂಡು ಹೋಗ್ರಿ,” ಎಂದೆ.

“ನಿನ್ನಿ ತಲಿ, ಇವತ್ತ ಕಣ್ಣು. ನಾಳಿಗಿ ಏನ್ ಇಟ್ಟೀಯವಾ ರಡಕಿ?” ಮಾವ ಗಂಟೆಯನ್ನು ನನ್ನ ತಾಟಿಗೆ ಇನ್ನಷ್ಟು ಸರಿಸಿದರು.

ನನ್ನ ಗಂಡ ಅಮೋಲ್ ನಕ್ಕ. ಕೆಟ್ಟವನಲ್ಲ. ಚಿಕ್ಕಂದಿನಿಂದ ಆ ಗಂಟೆ ಕಂಡರೆ ನಕ್ಕೇ ರೂಢಿ. “ಐತಾರ ನೋಡೋಣು, ಸೋನಾಲಿ.” ಭಾನುವಾರಕ್ಕೆ ಇನ್ನೂ ಆರು ದಿನ ಇತ್ತು.

ಮತ್ತೆ ಹೇಳಿದರೆ ರಡಕಿ. ಸುಮ್ಮನಾದರೆ, ನೋಡು, ನೋವೇ ಇರಲಿಲ್ಲ ಅನ್ನುತ್ತಾರೆ.

ಅತ್ತೆ ಬಾಗಿ ನನ್ನ ಪಾದವನ್ನು ಹೆಬ್ಬೆರಳಿನಿಂದ ಒತ್ತಿದರು. ಬಿದ್ದ ಕುಳಿ ಏಳಲಿಲ್ಲ. ಅವರು ಎದೆ ಹಿಡಿದುಕೊಂಡು ಗೋಡೆಗೆ ಒರಗಿದರು.

“ನನಗ ಎದಿ ಹಿಡದದ. ಈ ಮನ್ಯಾಗ ನೀರ ಸರಿ ಇಲ್ಲ, ಹೊಗಿ ಸರಿ ಇಲ್ಲ, ಮಂದಿ ಸರಿ ಇಲ್ಲ. ನಾ ದವಾಖಾನಿಗಿ ಹೋಗ್ತೇನಿ. ಸೊಸಿ ಸಂಗಾಟ ಬರ್ಲಿ.”

“ಬಂದಳು ನೋಡು ಹಳೇ ರೋತಿ ಸೂರತ್,” ಮಾವ ಹೊಟ್ಟೆ ಹಿಡಿದು ನಕ್ಕರು. “ಇಬ್ಬರೂ ಹೋಗ್ರಿ. ಮನಿ ಒಂದಿನ ತಣ್ಣಗಿರ್ಲಿ.” ಗಂಟೆ ಅತ್ತೆಯ ತಾಟಿಗೆ ಹೋಯಿತು.

ಬಸ್ಸಿನಲ್ಲಿ ಕೇಳಿದೆ, “ಎದಿ ಹ್ಯಾಂಗದರಿ ಅತ್ತಿ?”

“ಎದಿಗಿ ಏನಾಗ್ಯದ? ಸುಮ್ನ ಕೂಡು.”

ಬೀದರದಲ್ಲಿ ಬಿಪಿ ನೋಡಿದ ನರ್ಸ್ ನನ್ನನ್ನು ಆಗಲೇ ದಾಖಲು ಮಾಡಿಕೊಂಡರು. ಕೂಸಿನ ಎದೆಬಡಿತ ಸರಿಯಿತ್ತು. ಅತ್ತೆ ಸಂಜೆಯ ಬಸ್ಸಿಗೆ ಎದ್ದರು.

“ನಾ ಬಂದ ಮ್ಯಾಲ ಗಂಟಿ ನನ್ನ ಕಡಿ ತಗೋತೇನಿ,” ಎಂದೆ.

“ಬ್ಯಾಡ. ಅದು ನನ್ನ ಕಡಿ ಇದ್ರ ನಿನ್ನ ಮಾತ ಕೇಳ್ತಾರ.”

ಮರುದಿನ ಅಮೋಲ್ ಫೋನ್ ಮಾಡಿದ. “ಅವ್ವ ನಿನ್ನಿಯಿಂದ ಮೊಣಕಾಲ ನೋವಂತ ಒದರ್ಲತ್ತಾಳ,” ಎಂದು ನಗುತ್ತಿದ್ದ.

“ಖರೇನೇ ಇರಬೇಕ್ರಿ. ಒಂದ್ಸಲ ನೋಡ್ರಿ,” ಎಂದೆ.

ಅವನು ಇನ್ನೂ ನಗುತ್ತಲೇ ಇದ್ದ. ಫೋನಿನಲ್ಲಿ ಅವನ ಹಿಂದಿನಿಂದ ಗಂಟೆಯ ಸದ್ದು ಕೇಳುತ್ತಿತ್ತು.