ಕೆಂಪು ರಟ್ಟಿನ ಹಾಜರಿ ಪುಸ್ತಕ

ಅತ್ತೆಯ ಎಡಗಾಲಿನ ಹೆಬ್ಬೆರಳ ಉಗುರು ಬಿಸಿನೀರಿನಲ್ಲಿ ಕಾಲು ಗಂಟೆ ನೆನೆದರೂ ಮೆತ್ತಗಾಗಿರಲಿಲ್ಲ. ಅವಳು ನೆಲದ ಮೇಲೆ ಕೂತು, ಪಾದವನ್ನು ಮಡಿಲಿಗೆ ಎಳೆದುಕೊಂಡು, ಉಗುರನ್ನು ಚೂರು ಚೂರೇ ಕತ್ತರಿಸುತ್ತಿದ್ದಳು. ಚೂರುಗಳು ಬೀಳಲೆಂದು ಕೆಳಗೆ ಹಾಸಿದ್ದು ವೀಸಾ ಅರ್ಜಿಯ ಹಳೆಯ ಜೆರಾಕ್ಸ್ ಹಾಳೆಗಳನ್ನು. ಎರಡು ಸಲ ವಾಪಸ್ ಬಂದ ಅರ್ಜಿ. ಮನೆಯಲ್ಲಿ ಅಂಥ ಹಾಳೆಗಳಿಗೇನೂ ಬರವಿರಲಿಲ್ಲ.

"ಮೆಲ್ಲಗೆ ಕಣೇ. ಅದು ಕಾಲು, ಸೀಮೆಸುಣ್ಣ ಅಲ್ಲ," ಎಂದರು ಅತ್ತೆ.

ನೆಲದ ಮೇಲಿದ್ದ ಫೋನು ಗುರ್ರೆಂದಿತು. ವೀಸಾ ಏಜೆನ್ಸಿಯ ಹುಡುಗಿ. ಕೈ ಬಿಡುವಿರಲಿಲ್ಲವಾದ್ದರಿಂದ ಮೊಣಕೈಯಿಂದ ಒತ್ತಿ ಸ್ಪೀಕರಿಗೆ ಹಾಕಿದಳು.

"ಮೇಡಂ, ಮೂರನೇ ಸಲಾನೂ ವಾಪಸ್ ಬಂದಿದೆ. ಅದೇ ಗ್ಯಾಪು. ಮೊದಲ ಸ್ಕೂಲಲ್ಲಿ ಹನ್ನೊಂದು ವರ್ಷ, ಎರಡನೇದರಲ್ಲಿ ಎಂಟು ವರ್ಷ. ಮಧ್ಯೆ ಮೂರು ವರ್ಷ ಏನ್ ಮಾಡ್ತಿದ್ರಿ ಅಂತ ಪ್ರೂಫ್ ಕೇಳ್ತಿದಾರೆ."

"ಅತ್ತೇನ ನೋಡ್ಕೋತಿದ್ದೆ ಅಂತ ಬರೆದಿದೀನಲ್ಲಮ್ಮ."

"ನೀವೇ ಹೇಳಿದ್ರೆ ಆಗಲ್ವಂತೆ ಮೇಡಂ. ಕಾಗದ ಬೇಕಂತೆ. ಇಲ್ಲಾ, ನೀವು ಯಾರನ್ನ ನೋಡ್ಕೊಂಡ್ರೋ ಅವರು ಸಹಿ ಹಾಕಿದ ಪತ್ರ. ಶುಕ್ರವಾರ ಕೊನೇ ದಿನ. ಆಮೇಲೆ ನಿಮಗೆ ಕೆಲಸ ಕೊಟ್ಟಿರೋ ಫಾರಿನ್ ಸ್ಕೂಲಿನವರು ಲಿಸ್ಟಲ್ಲಿ ಮುಂದಿರೋರನ್ನ ಕರೀತಾರೆ."

ಅಂದು ಬುಧವಾರ.

ಫೋನಿಟ್ಟ ಮೇಲೆ ಅವಳು ಅದೇ ಉಗುರಿಗೆ ಮರಳಿದಳು. ಆಸ್ಪತ್ರೆಯ ಕಾಗದ ಅವಳ ಹತ್ತಿರ ಇಲ್ಲದೆ ಇರಲಿಲ್ಲ. ಆದರೆ ಅತ್ತೆಗೆ ಲಕ್ವಾ ಹೊಡೆದು ಅಲ್ಲಿದ್ದದ್ದು ಹನ್ನೊಂದೇ ದಿನ. ಉಳಿದದ್ದೆಲ್ಲ ಇದೇ ಕೋಣೆಯಲ್ಲಿ, ಇದೇ ಮಂಚದ ಮೇಲೆ ನಡೆದಿತ್ತು. ಗಂಡ ಮೊದಲ ಸಲವೇ ಹೇಳಿದ್ದ, "ಮನೇಲಿದ್ದೆ ಅಂತ ಬರಿ, ಯಾರು ನೋಡ್ತಾರೆ?" ನೋಡಿದ್ದರು.

ಇಲ್ಲಿನ ಶಾಲೆಯ ಕೆಲಸ ಬಿಟ್ಟು ಎರಡು ತಿಂಗಳಾಗಿತ್ತು. ಸಹೋದ್ಯೋಗಿಗಳು ಬೀಳ್ಕೊಡುಗೆಯೆಂದು ಕೊಟ್ಟ ಸೂಟ್‌ಕೇಸು ಅವಳ ಕೋಣೆಯಲ್ಲಿ ಬಾಯಿ ತೆರೆದುಕೊಂಡೇ ಬಿದ್ದಿತ್ತು. ತುಂಬಿದ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಉಟ್ಟು, ಒಗೆದು, ಮತ್ತೆ ತುಂಬುತ್ತಿದ್ದಳು. ಅಂಗಡಿಗೆ ಹೋದರೆ "ಇನ್ನೂ ಹೋಗಿಲ್ವಾ?" ಎನ್ನುತ್ತಾರೆಂದು ಹಿಂದಿನ ಬೀದಿಯಿಂದ ಸುತ್ತಿ ಹೋಗುತ್ತಿದ್ದಳು. ನಲವತ್ತೆಂಟು ವರ್ಷದ ಹೆಂಗಸು ಸಾಲಗಾರಳ ಹಾಗೆ ತಲೆ ತಪ್ಪಿಸಿಕೊಂಡು ಓಡಾಡುವುದು ಅವಳಿಗೇ ನಗು ತರಿಸುತ್ತಿತ್ತು. ವಿದೇಶದ ಆ ಕೆಲಸವನ್ನು ಅವಳಿಗೆ ಯಾರೂ ಕೊಡಿಸಿರಲಿಲ್ಲ. ಪರದೆಯ ಮೇಲೆ ಮೂವರು ಅಪರಿಚಿತರಿಗೆ ನಲವತ್ತು ನಿಮಿಷ ಭಿನ್ನರಾಶಿ ಕಲಿಸಿ ತಾನೇ ಗಳಿಸಿದ್ದಳು.

"ಅತ್ತೆ, ಕೇಳಿಸ್ತಲ್ಲ? ಒಂದೇ ಒಂದು ಸಹಿ."

"ಏನಂತ?"

"ಮೂರು ವರ್ಷ ಹಾಸಿಗೆ ಹಿಡಿದಿದ್ದೆ, ಸೊಸೆ ನೋಡ್ಕೊಂಡ್ಲು ಅಂತ."

"ಮೂರು ವರ್ಷವಾ! ಮೂರು ತಿಂಗಳು ಅಂದ್ರೆ ಹೆಚ್ಚು."

"ಹಾಗಾದ್ರೆ ಮಿಕ್ಕ ಎರಡೂಮುಕ್ಕಾಲು ವರ್ಷ ನಾನೆಲ್ಲಿದ್ದೆ?"

"ನನ್ನ ಕೇಳಿದ್ರೆ? ಲೆಕ್ಕದ ಟೀಚರು ನೀನು." ಅತ್ತೆ ಕಾಲು ಎಳೆದುಕೊಂಡು ಇನ್ನೊಂದನ್ನು ಮುಂದಿಟ್ಟರು. "ಅಲ್ಲವೇ, ನೀನು ಹೋಗೋವರೆಗೂ ಅಲ್ಲಿನ ಮಕ್ಕಳಿಗೆ ಎರಡೂ ಎರಡೂ ಐದೇನೆ?"

ಅವಳಿಗೆ ನಗು ತಡೆಯಲಾಗಲಿಲ್ಲ. ಅತ್ತೆಯೂ ನಕ್ಕರು. ಅವಳು ಹೋದರೆ ನಾದಿನಿ ಬಂದು ಇರುವುದೆಂದು ಮಾತಾಗಿತ್ತು. ಅದಕ್ಕೆ ಅತ್ತೆ ಅಡ್ಡ ಹೇಳಿರಲಿಲ್ಲ. ಈಗ ವಾಕರ್ ಹಿಡಿದು ಅಡುಗೆಮನೆವರೆಗೂ ಹೋಗಿ ಎಲ್ಲರ ಕೆಲಸದಲ್ಲೂ ಹುಳುಕು ಹುಡುಕುವಷ್ಟು ಗಟ್ಟಿಯಾಗಿದ್ದರು. ಅಡ್ಡ ಬಂದದ್ದು ಆ ಸಹಿಯೊಂದೇ.

ನಗು ನಿಂತ ಮೇಲೆ ಅತ್ತೆಯ ದನಿ ಇಳಿಯಿತು. "ನೀನು ನನ್ನ ಎತ್ತಿದ್ದು, ತೊಳೆದದ್ದು, ಯಾರೋ ಆಫೀಸಿನೋರು ಕೂತು ಓದಬೇಕಾ? ಆಗ ನನ್ನ ಮಗನ್ನೇ ಬಾಗಿಲಾಚೆ ನಿಲ್ಲಿಸ್ತಿದ್ದೆ ನಾನು." ಸೆರಗು ಸರಿಮಾಡಿಕೊಂಡು ಕೇಳಿದರು, "ಆ ಕೆಂಪು ಪುಸ್ತಕ ಎಸೆದೆ ತಾನೇ?"

"ಎಸೆದೆ ಅತ್ತೆ."

ಎಂಟು ವರ್ಷದ ಹಳೇ ಸುಳ್ಳು. ಹೇಳಿ ಹೇಳಿ ನಯವಾಗಿತ್ತು.

ಕಾಲು ಒರೆಸುವಾಗ ಅವಳು ಹಿಮ್ಮಡಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. ನುಣ್ಣಗಿತ್ತು. ಮೂರು ವರ್ಷ ಮಲಗಿದ್ದ ಮೈಯಲ್ಲಿ ಹಾಸಿಗೆ ಹುಣ್ಣಿನ ಒಂದು ಕಲೆಯೂ ಇರಲಿಲ್ಲ. ಎಲ್ಲಾದರೊಂದು ಕಡೆ ಅವಳು ಕೈಬಿಟ್ಟಿದ್ದರೆ ಇವತ್ತು ತೋರಿಸಲು ಏನಾದರೂ ಇರುತ್ತಿತ್ತು.

ಉಗುರಿನ ಹಾಳೆಗಳನ್ನು ಮುದುರಿ ಬುಟ್ಟಿಗೆ ಹಾಕಿ, ತನ್ನ ಕೋಣೆಗೆ ಹೋದಳು. ಕೂತಳು, ಎದ್ದಳು. ಸೂಟ್‌ಕೇಸಿನ ಜಿಪ್ಪನ್ನು ಅರ್ಧ ಎಳೆದು ಬಿಟ್ಟಳು. ಕಿಟಕಿಯಾಚೆ ಶಾಲೆ ಬಿಟ್ಟ ಮಕ್ಕಳ ಗದ್ದಲ ಹಾದುಹೋಯಿತು. ಕೊನೆಗೆ ಮಂಚದ ಕೆಳಗಿನ ಟ್ರಂಕನ್ನು ಎಳೆದು, ಹಳೆಯ ಪಾಠಯೋಜನೆಗಳ ಅಡಿಯಿಂದ ಕೆಂಪು ರಟ್ಟಿನ ಪುಸ್ತಕವನ್ನು ತೆಗೆದಳು.

ಅದು ಹಾಜರಿ ಪುಸ್ತಕ. ಮೊದಲ ಶಾಲೆ ಬಿಟ್ಟ ದಿನ ಮೇಜಿನಲ್ಲಿ ಉಳಿದಿದ್ದ ಖಾಲಿ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಬಂದಿದ್ದಳು. ಪುಟದ ಮೇಲ್ಗಡೆ ಒಂದರಿಂದ ಮೂವತ್ತೊಂದರವರೆಗೆ ತಾರೀಖು. ಮಕ್ಕಳ ಹೆಸರು ಬರೆಯಬೇಕಾದಲ್ಲಿ ಅವಳ ದುಂಡನೆಯ ಅಕ್ಷರ: ಎಡಮಗ್ಗುಲು. ಬಲಮಗ್ಗುಲು. ಅಂಗಾತ. ಮಾತ್ರೆ. ಊಟ. ಸ್ನಾನ. ಮಲ. ಮೂತ್ರ. ಕೊನೆಯ ಸಾಲು, ಮಾತು. ಬೇರೆ ಸಾಲುಗಳ ತುಂಬ ಗಂಟೆಗಳು, ಗುರುತುಗಳು. ಮಾತಿನ ಸಾಲಿನಲ್ಲಿ ಮಾತ್ರ ಪುಟದಿಂದ ಪುಟಕ್ಕೆ ಒಂದೇ ಅಕ್ಷರ: ಗೈ, ಗೈ, ಗೈ. ಗೈರುಹಾಜರಿ. ಹದಿನಾಲ್ಕನೇ ತಿಂಗಳ ಒಂಬತ್ತನೇ ತಾರೀಖಿಗೆ ಒಂದು 'ಹಾ', ಪಕ್ಕದಲ್ಲಿ ಚಿಕ್ಕದಾಗಿ, "ಉಪ್ಪು ಕಮ್ಮಿ ಅಂದರು." ಅವತ್ತು ತಟ್ಟೆ ಕೈಯಲ್ಲಿ ಹಿಡಿದೇ ಅತ್ತಿದ್ದಳು.

ಅಂಚಿನಲ್ಲಿ ಅಲ್ಲಲ್ಲಿ ಪೆನ್ಸಿಲಿನ ತ್ರಿಕೋನಗಳು, ಅರ್ಧಕ್ಕೆ ನಿಂತ ಸಮೀಕರಣಗಳು. ಮಗ್ಗುಲು ಬದಲಿಸುವ ಹೊತ್ತಿಗೆ ಕಾಯುತ್ತಾ, ಮರೆತುಹೋದೀತೆಂಬ ಭಯದಲ್ಲಿ ಬಿಡಿಸಿದ್ದವು. ತಾನು ಆಗಲೂ ಟೀಚರಾಗಿಯೇ ಇದ್ದೆ ಎಂದು ಅವಳಿಗೆ ಈಗ ಕಂಡಿತು. ಇದನ್ನು ಇಷ್ಟು ವರ್ಷ ಯಾಕೆ ಎಸೆಯಲಿಲ್ಲವೆಂಬುದೂ ತಿಳಿಯಿತು. ಮೂರು ವರ್ಷ ಅವಳು ಎಲ್ಲಿದ್ದಳೆಂದು ಬಲ್ಲದ್ದು ಇದೊಂದೇ.

ಒಳಗಿನಿಂದ ಅತ್ತೆಯ ವಾಕರು ಟಕ್ ಟಕ್ ಎಂದಿತು. ಅವಳು ಪುಸ್ತಕ ಮುಚ್ಚಿದಳು. ಸದ್ದು ಅಡುಗೆಮನೆ ಕಡೆಗೆ ಹೋಯಿತು. ಮತ್ತೆ ತೆರೆದಳು.

ಅಳತೆಪಟ್ಟಿ ಇಟ್ಟು ಒಂದು ಬಿಳಿ ಹಾಳೆಯಿಂದ ಉದ್ದನೆಯ ಪಟ್ಟಿ ಕತ್ತರಿಸಿದಳು. ಪರೀಕ್ಷೆಯ ಹೊತ್ತಿಗೆ ಉತ್ತರದ ಭಾಗವನ್ನು ಮುಚ್ಚಿ ಪ್ರತಿ ತೆಗೆಯುತ್ತಿದ್ದದ್ದು ಹಾಗೆಯೇ. ಸ್ನಾನ, ಮಲ, ಮೂತ್ರದ ಸಾಲುಗಳ ಮೇಲೆ ಅದನ್ನಿಟ್ಟಳು. ಮೂರೂ ಮರೆಯಾದವು. ಒಂದಂಚು ಕೂದಲೆಳೆಯಷ್ಟು ಸಾಲದೆ ಬಂತು. ಹೊಸ ಪಟ್ಟಿ ಕತ್ತರಿಸಿದಳು. ಈಗ ಉಳಿದದ್ದು ಮಗ್ಗುಲು, ಮಾತ್ರೆ, ಊಟ, ಮಾತು. ಓದುವವರು ಓದಲಿ.

"ಏನೇ ಮಾಡ್ತಿದೀಯಾ? ಸದ್ದೇ ಇಲ್ಲ!" ಅತ್ತೆ ಕೂಗಿದರು.

"ಹಳೇ ಪುಸ್ತಕ ಜೋಡಿಸ್ತಿದೀನಿ ಅತ್ತೆ."

"ನಾಳೆ ಮತ್ತೆ ಆ ಸಹಿ ಗಿಹಿ ಅಂತ ಬರಬೇಡ, ಹೇಳಿದೀನಿ."

"ಇಲ್ಲ ಅತ್ತೆ. ಇನ್ನು ಕೇಳಲ್ಲ."

ಪಟ್ಟಿಯನ್ನು ಮೊದಲ ಪುಟದೊಳಗಿಟ್ಟು, ಪುಸ್ತಕವನ್ನು ಕೈಚೀಲಕ್ಕೆ ಹಾಕಿ, ಮೇಲೆ ಛತ್ರಿ ಇಟ್ಟಳು. ಜೆರಾಕ್ಸ್ ಅಂಗಡಿ ಒಂಬತ್ತಕ್ಕೆ ತೆರೆಯುತ್ತದೆ. ನಾಳೆ ಮುಂದಿನ ಬೀದಿಯಿಂದಲೇ ಹೋಗುವುದು.